ಬೆಟ್ಟನಾಡಿನ ದಾದಿ ಮೇರಿ ಬ್ರೆಕಿನ್‌ರಿಜ್

ದಾದಿಯರ ವಿಷಯ ಬಂದೊಡನೆ ನಮ್ಮಲ್ಲಿ ಹೆಚ್ಚಿನವರ ನಾಲಗೆಗೆ ಬರುವ ಹೆಸರು ಫ್ಲಾರೆನ್ಸ್ ನೈಟಿಂಗೇಲಳದು. ಆಕೆಯ ಕೈದೀಪದ ಕಥೆಯನ್ನು ಶಾಲೆಯಲ್ಲಿ ಓದದವರು ವಿರಳ. ಆ ಕೀರ್ತಿ ಆಕೆಗೆ ಸಲ್ಲತಕ್ಕದ್ದೇ ಸರಿ. ಆದರೆ ವೈದ್ಯನ ಸುಳಿವೇ ಇಲ್ಲದ ಕಡೆಯಲ್ಲಿ ದಾದಿಯೊಬ್ಬಳು ತಾನೊಬ್ಬಳೇ ನಿಂತು, ರೋಗಿಯನ್ನು ಪರೀಕ್ಷಿಸಿ, ತೀರ್ಮಾನ ಕೈಗೊಂಡು, ಚಿಕಿತ್ಸೆ ನಡೆಸಬಲ್ಲಳೇ? ಹಾಗೆ ನಡೆಸಬೇಕಾದರೆ ಆಕೆ ಎಷ್ಟು ಓದಿರಬೇಕು? ಈ ಪ್ರಶ್ನೆಯ ಹಿಂದೆ ಬಿದ್ದು ತನ್ನ ಅರ್ಧ ಆಯುಷ್ಯವನ್ನು ಸವೆಸಿದ ಇನ್ನೊಬ್ಬ ಹೆಣ್ಣುಮಗಳಿದ್ದಾಳೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂದು ಸ್ನಾತಕೋತ್ತರ ಪದವಿ ಪಡೆದು ತಾವೇ ರೋಗಿಗಳನ್ನು ನೋಡಿ ಔಷಧ ಬರೆದುಕೊಡುವ ದಾದಿಯರು ಲಕ್ಷಗಟ್ಟಲೆ ಇದ್ದಾರೆ. ಆ ದಾರಿಗೆ ಮೊದಲ ಕಲ್ಲುಗಳನ್ನು ಹಾಸಿದವರಲ್ಲಿ ಕೆಂಟಕಿಯ ಮೇರಿ ಬ್ರೆಕಿನ್‌ರಿಜ್ ಒಬ್ಬಳು.

ಮೇರಿ ಹುಟ್ಟಿದುದು 1881ನೆಯ ಇಸವಿ ಫೆಬ್ರವರಿ 17ರಂದು, ಟೆನೆಸಿ ಸಂಸ್ಥಾನದ ಮೆಂಫಿಸ್ ನಗರದಲ್ಲಿ. ಮನೆತನ ಸಾಮಾನ್ಯವಾದುದಲ್ಲ. ಅಜ್ಜ ಜಾನ್ ಬ್ರೆಕಿನ್‌ರಿಜ್ 1857ರಿಂದ 1861ರವರೆಗೆ ಅಮೆರಿಕದ ಉಪಾಧ್ಯಕ್ಷನಾಗಿದ್ದವನು. ಅಂತರ್ಯುದ್ಧ ಹೊತ್ತಿಕೊಂಡಾಗ ದಕ್ಷಿಣದವರ ಪಕ್ಷ ಹಿಡಿದು ಸೇನಾನಿಯಾದವನು. ತಂದೆ ಕ್ಲಿಫ್ಟನ್ ಬ್ರೆಕಿನ್‌ರಿಜ್ ಆರ್ಕನ್ಸಾ ಸಂಸ್ಥಾನದಿಂದ ಅಮೆರಿಕದ ಪಾರ್ಲಿಮೆಂಟಿಗೆ ಆಯ್ಕೆಯಾಗಿದ್ದನು. 1894ರಲ್ಲಿ ಆತನನ್ನು ರಷ್ಯಾ ದೇಶಕ್ಕೆ ರಾಯಭಾರಿಯನ್ನಾಗಿ ಕಳುಹಿಸಿದರು. ಹೀಗಾಗಿ ಮೇರಿಯ ಬಾಲ್ಯದ ಮೂರು ವರ್ಷಗಳು ಜಾರ್ ಚಕ್ರವರ್ತಿಯ ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಳೆದುವು.

ಆ ದಿನಗಳ ಒಂದು ಸಂಗತಿ ಇಲ್ಲಿ ಹೇಳತಕ್ಕದ್ದು. ರಷ್ಯಾದಲ್ಲಿರುವಾಗ ಮೇರಿಗೆ ಒಬ್ಬ ತಮ್ಮ ಹುಟ್ಟಿದನು. ರಾಯಭಾರಿಯ ಪತ್ನಿಯ ಹೆರಿಗೆ ಮಾಡಿಸಲು ಬಂದವಳು ಶಿಕ್ಷಣ ಪಡೆದ ಒಬ್ಬ ರಷ್ಯನ್ ಸೂಲಗಿತ್ತಿ. ವೈದ್ಯರೂ ಮನೆಯಲ್ಲಿದ್ದರು, ಆದರೆ ಕೆಲಸ ನಡೆಸಿದವಳು ಸೂಲಗಿತ್ತಿಯೇ. ಅಮೆರಿಕದಲ್ಲಿ ಆಗ ಇಂಥದನ್ನು ಯೋಚಿಸುವಂತೆಯೇ ಇರಲಿಲ್ಲ. ಅಲ್ಲಿ ಸೂಲಗಿತ್ತಿಯೆಂದರೆ ಬಡವರ ಮನೆಗೆ ಹೋಗುವ ಅನಕ್ಷರಸ್ಥ ಮುದುಕಿ, ಹಣವಂತರ ಮನೆಗೆ ಡಾಕ್ಟರು, ಇಷ್ಟೇ. ಹದಿನಾಲ್ಕು ವರ್ಷದ ಹುಡುಗಿಯ ಮನಸ್ಸಿನಲ್ಲಿ ಈ ನೆನಪು ಉಳಿದುಕೊಂಡಿತು.

ಮುಂದೆ ಸ್ವಿಟ್ಸರ್‌ಲೆಂಡಿನಲ್ಲಿಯೂ ಅಮೆರಿಕದ ಕನೆಕ್ಟಿಕಟ್ಟಿನಲ್ಲಿಯೂ ಶಾಲಾಭ್ಯಾಸ ನಡೆಯಿತು. ಫ್ರೆಂಚ್ ಭಾಷೆ ಚೆನ್ನಾಗಿ ಬಂದಿತು. ಆದರೆ ಕಾಲೇಜು ಮೆಟ್ಟಲೇರುವ ಆಸೆಗೆ ತಾಯಿಯ ಒಪ್ಪಿಗೆ ದೊರೆಯಲಿಲ್ಲ. ದೊಡ್ಡ ಮನೆತನದ ಹುಡುಗಿಗೆ ಕಾಲೇಜೇಕೆ, ಮದುವೆಯಾದರೆ ಸಾಲದೇ ಎಂಬ ಭಾವನೆ ಆ ದೇಶದಲ್ಲಿಯೂ ಆಗ ಬಲವಾಗಿದ್ದಿತು. 1904ರಲ್ಲಿ ಮದುವೆಯೂ ಆಯಿತು. ಗಂಡ ಹೆನ್ರಿ ಮಾರಿಸನ್ ವಕೀಲ. ಎರಡೇ ವರ್ಷಗಳಲ್ಲಿ, 1906ರಲ್ಲಿ, ಅಪೆಂಡಿಸೈಟಿಸ್ ಕಾಯಿಲೆಗೆ ಆತ ಬಲಿಯಾದನು. ಇಪ್ಪತ್ತೈದನೆಯ ವಯಸ್ಸಿಗೆ ಮೇರಿ ವಿಧವೆ.

ಬಂಧುಗಳ ಮನೆಯಲ್ಲಿ ಆರಾಮವಾಗಿ ಕಾಲ ಕಳೆಯಲು ಆಕೆಗೆ ಅಡ್ಡಿಯಿರಲಿಲ್ಲ. ಆಕೆಯಾದರೋ 1907ರಲ್ಲಿ ನ್ಯೂಯಾರ್ಕಿನ ಸೇಂಟ್ ಲ್ಯೂಕ್ ಆಸ್ಪತ್ರೆಯ ದಾದಿಯರ ಶಾಲೆಯನ್ನು ಸೇರಿದಳು. ಆ ಕಾಲದ ದಾದಿಶಿಕ್ಷಣವೆಂದರೆ ಬಹುಪಾಲು ದುಡಿಮೆ, ಸ್ವಲ್ಪ ಪಾಠ. ಕಲಿಯುವ ಹುಡುಗಿಯರೇ ಆಸ್ಪತ್ರೆಯ ಕೆಲಸವನ್ನೆಲ್ಲ ಹೊತ್ತು ಸಾಗಿಸುತ್ತಿದ್ದರು. ಉಪಾಧ್ಯಕ್ಷನ ಮೊಮ್ಮಗಳೆಂದು ರಿಯಾಯಿತಿ ಕೇಳದೆ ಮೂರು ವರ್ಷ ದುಡಿದು 1910ರಲ್ಲಿ ತೇರ್ಗಡೆ ಹೊಂದಿದಳು.

1912ರಲ್ಲಿ ಎರಡನೆಯ ವಿವಾಹವಾಯಿತು. ಗಂಡ ರಿಚರ್ಡ್ ಥಾಂಪ್ಸನ್ ಆರ್ಕನ್ಸಾದಲ್ಲಿ ಹೆಣ್ಣುಮಕ್ಕಳ ಕಾಲೇಜೊಂದರ ಅಧ್ಯಕ್ಷ. ಮೇರಿ ಅಲ್ಲಿಯೇ ಫ್ರೆಂಚ್ ಭಾಷೆಯನ್ನೂ ಆರೋಗ್ಯಶಾಸ್ತ್ರವನ್ನೂ ಬೋಧಿಸತೊಡಗಿದಳು. 1914ರ ಜನವರಿಯಲ್ಲಿ ಗಂಡುಮಗು ಹುಟ್ಟಿತು. ಬ್ರೆಕೀ ಎಂದು ಮುದ್ದಿನ ಹೆಸರಿಟ್ಟಳು. 1916ರಲ್ಲಿ ಹೆಣ್ಣುಮಗುವೊಂದು ದಿನ ತುಂಬುವ ಮೊದಲೇ ಹುಟ್ಟಿ ಕೆಲವು ಗಂಟೆಗಳಷ್ಟೇ ಬದುಕಿತು. ಆ ದುಃಖವನ್ನು ಮಗನ ಮುಖ ನೋಡಿ ನುಂಗಿಕೊಂಡಳು. 1918ರ ಜನವರಿಯಲ್ಲಿ, ನಾಲ್ಕು ವರ್ಷ ತುಂಬಿ ಕೆಲವೇ ದಿನಗಳಾಗಿದ್ದಾಗ, ಆ ಮಗನೂ ತೀರಿಕೊಂಡನು. ಮಗನ ನಾಲ್ಕು ವರ್ಷಗಳ ಆಟಪಾಟಗಳನ್ನೆಲ್ಲ ಬರೆದು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿಕೊಂಡಳು. ದಾಂಪತ್ಯವೂ ಉಳಿಯಲಿಲ್ಲ. 1920ರಲ್ಲಿ ವಿಚ್ಛೇದನ ಪಡೆದು ತವರಿನ ಹೆಸರಿಗೆ ಮರಳಿದಳು. ತನ್ನ ಮಕ್ಕಳು ಉಳಿಯಲಿಲ್ಲ, ಇನ್ನು ಬೇರೆಯವರ ಮಕ್ಕಳನ್ನು ಉಳಿಸುವುದೇ ತನ್ನ ಕೆಲಸವೆಂದು ಆಕೆ ನಿಶ್ಚಯಿಸಿದುದು ಈ ಅವಧಿಯಲ್ಲಿ.

ಇದಕ್ಕೆ ಮೊದಲೇ ಯುರೋಪಿನ ಮಹಾಯುದ್ಧ ಮುಗಿದಿದ್ದಿತು. 1919ರಲ್ಲಿ ಮೇರಿ ಫ್ರಾನ್ಸಿಗೆ ಹೋಗಿ, ಆನ್ ಮಾರ್ಗನ್ ಎಂಬಾಕೆ ನಡೆಸುತ್ತಿದ್ದ ಪರಿಹಾರ ಸಂಘವನ್ನು ಸೇರಿದಳು. ಫಿರಂಗಿಗಳ ಹೊಡೆತಕ್ಕೆ ಸಿಕ್ಕಿದ ಏನ್ ಪ್ರಾಂತದಲ್ಲಿ ಮನೆಗಳಿಗೆ ಮಾಡಿರಲಿಲ್ಲ, ಕೊಟ್ಟಿಗೆಗಳಲ್ಲಿ ದನಗಳಿರಲಿಲ್ಲ, ಎಳೆಯ ಮಕ್ಕಳಿಗೆ ಹಾಲಿರಲಿಲ್ಲ. ಮೇರಿ ಅಮೆರಿಕದ ಗೆಳತಿಯರಿಗೆ ಪತ್ರ ಬರೆದು ಹಣ ತರಿಸಿ ಮೇಕೆಗಳನ್ನು ಕೊಂಡು ಹಂಚಿದಳು. ಬಸುರಿಯರು, ಬಾಣಂತಿಯರು, ಎಳೆಗೂಸುಗಳು, ಇವರನ್ನು ಮನೆಮನೆಗೆ ಹೋಗಿ ನೋಡುವ ದಾದಿಯರ ಏರ್ಪಾಡು ಮಾಡಿದಳು. ಇಲ್ಲಿ ಆಕೆಯ ಕಣ್ಣಿಗೆ ಬಿದ್ದ ಒಂದು ಕೊರತೆಯೇ ಮುಂದಿನ ಬಾಳಿನ ದಿಕ್ಕನ್ನು ತಿರುಗಿಸಿತು. ಫ್ರಾನ್ಸಿನಲ್ಲಿ ಸೂಲಗಿತ್ತಿಯರಿದ್ದರು, ಅವರು ದಾದಿಯರಲ್ಲ. ಅಮೆರಿಕದಲ್ಲಿ ದಾದಿಯರಿದ್ದರು, ಅವರಿಗೆ ಹೆರಿಗೆ ಮಾಡಿಸುವುದು ಗೊತ್ತಿರಲಿಲ್ಲ. ಎರಡೂ ವಿದ್ಯೆಗಳನ್ನು ಒಬ್ಬಳಲ್ಲೇ ಕೂಡಿಸಿಕೊಂಡವರು ಆಕೆ ಭೇಟಿಯಾದ ಇಂಗ್ಲಿಷ್ ದಾದಿಯರು. ವೈದ್ಯರು ಸಿಗದ ಅಮೆರಿಕದ ಬೆಟ್ಟಗುಡ್ಡಗಳಿಗೆ ಬೇಕಾದವರು ಇಂಥವರೇ ಎಂದು ಆಕೆಗೆ ಹೊಳೆಯಿತು.

ಹೊಳೆದ ಮಾತ್ರಕ್ಕೆ ಆಕೆ ಊರಿಗೆ ಹಿಂದಿರುಗಿ ಒಂದು ಸಂಘವನ್ನು ಕಟ್ಟಿ ಫಲಕ ತೂಗುಹಾಕಲಿಲ್ಲ. ಇದನ್ನು ನಾವು ವಿಶೇಷವಾಗಿ ಗಮನಿಸಬೇಕು. ಹೆಸರಿತ್ತು, ಬಂಧುಬಳಗವಿತ್ತು, ಹತ್ತು ವರ್ಷಗಳ ಹಿಂದೆಯೇ ಪಡೆದ ದಾದಿಯ ಅರ್ಹತೆಯಿತ್ತು. ಸುಮ್ಮನೆ ಆರಂಭಿಸಿದ್ದರೂ ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ತಾನು ಹೊರಲು ಹೊರಟಿರುವ ಹೊಣೆಗೆ ತನ್ನ ವಿದ್ಯೆ ಸಾಲದೆಂದು ಆಕೆ ತೀರ್ಮಾನಿಸಿದಳು. 1922ರಲ್ಲಿ, ನಾಲ್ವತ್ತೊಂದನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಟೀಚರ್ಸ್ ಕಾಲೇಜಿನಲ್ಲಿ ವಿದ್ಯಾರ್ಥಿನಿಯಾದಳು. ಆಸ್ಪತ್ರೆಯ ಶಾಲೆಯಿಂದ ಹೊರಬಂದ ದಾದಿಯರಿಗೆ ಮೇಲಿನ ತರಗತಿಗಳನ್ನು ಮೊಟ್ಟಮೊದಲು, 1899ರಲ್ಲಿ, ತೆರೆದ ವಿದ್ಯಾಸಂಸ್ಥೆ ಅದು. ಅಲ್ಲಿ ಪ್ರಾಧ್ಯಾಪಕಿಯಾಗಿದ್ದ ಅಡಿಲೇಡ್ ನಟ್ಟಿಂಗ್ 1907ರಲ್ಲಿ ಆ ಪೀಠವನ್ನೇರಿದಾಗ ಶುಶ್ರೂಷಾವಿದ್ಯೆಗೆ ಜಗತ್ತಿನಲ್ಲೇ ಪ್ರಥಮ ಪ್ರಾಧ್ಯಾಪಕಿಯೆನಿಸಿದ್ದಳು. ದಾದಿಯ ವಿದ್ಯೆ ಬರಿಯ ಕೈಕೆಲಸವಲ್ಲ, ವಿಶ್ವವಿದ್ಯಾನಿಲಯದಲ್ಲಿ ಕುಳಿತು ಕಲಿಯತಕ್ಕ ಶಾಸ್ತ್ರವೆಂಬುದು ಆಕೆಯ ಜೀವಮಾನದ ವಾದ. ಮೇರಿ ಇಲ್ಲಿ ಸಾರ್ವಜನಿಕ ಆರೋಗ್ಯ, ಅಂಕಿಅಂಶಗಳ ವಿಚಾರ ಮುಂತಾದುವನ್ನು ಕಲಿತಳು. ಹಗಲೆಲ್ಲ ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿದು, ತನಗಿಂತ ಕಿರಿಯರ ಪಕ್ಕದಲ್ಲಿ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ನಾಲ್ವತ್ತು ದಾಟಿ ವಿದ್ಯಾರ್ಥಿಯಾಗುವುದೆಂದರೆ ಏನೆಂಬುದನ್ನು ಅವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

1923ರ ಬೇಸಗೆಯಲ್ಲಿ ಆಕೆ ಕುದುರೆಯೇರಿ ಕೆಂಟಕಿಯ ಪೂರ್ವಭಾಗದ ಬೆಟ್ಟಗಳಿಗೆ ಹೊರಟಳು. ಲೆಸ್ಲೀ, ನಾಟ್, ಔಸ್ಲಿ ಎಂಬ ಮೂರು ಕೌಂಟಿಗಳು. ಕೌಂಟಿಯೆಂದರೆ ನಮ್ಮ ಒಂದು ತಾಲ್ಲೂಕಿನಷ್ಟು ಎಂದುಕೊಳ್ಳಬಹುದು. ರೈಲಿಲ್ಲ, ಮೋಟಾರು ರಸ್ತೆಯಿಲ್ಲ. ಹಳ್ಳದ ಪಾತ್ರವೇ ದಾರಿ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ನಮ್ಮ ಮಲೆನಾಡಿನ ಒಂಟಿಮನೆಗಳಿಗೆ ಒದಗುತ್ತಿದ್ದ ಅವಸ್ಥೆಯೇ ಅಲ್ಲಿಯೂ. ಮೇರಿ ಆರು ನೂರು ಮೈಲಿಗೂ ಹೆಚ್ಚು ದೂರ ಸುತ್ತಿ 53 ಮಂದಿ ಸೂಲಗಿತ್ತಿಯರನ್ನು ಕಂಡು ಮಾತಾಡಿಸಿದಳು. ಬಹುಮಟ್ಟಿಗೆ ಎಲ್ಲರೂ ವೃದ್ಧೆಯರು. ಓದುಬರಹ ಬಂದವರು ಕಡಿಮೆ. ಹಾಸಿಗೆಯ ಕೆಳಗೆ ಕೊಡಲಿಯನ್ನಿಟ್ಟರೆ ನೋವು ತುಂಡಾಗುವುದೆಂಬ ನಂಬಿಕೆ ಆ ಬೆಟ್ಟಗಳಲ್ಲಿ ಇದ್ದಿತು. ಕೆಲವರು ಶುಚಿಯಾಗಿ, ಪ್ರೀತಿಯಿಂದ ಕೆಲಸ ಮಾಡುವವರೂ ಇದ್ದರು. ಆದರೆ ಹೆರಿಗೆ ಅಡ್ಡವಾದಾಗ, ರಕ್ತಸ್ರಾವ ನಿಲ್ಲದಿದ್ದಾಗ, ಬಾಣಂತಿಗೆ ಸನ್ನಿ ಬಂದಾಗ ಅವರು ಮಾಡುವಂತಹುದೇನೂ ಇರಲಿಲ್ಲ. ಅಮೆರಿಕ ದೇಶದಲ್ಲಿಯೇ ಆ ವರ್ಷಗಳಲ್ಲಿ ಸಾವಿರ ಹೆರಿಗೆಗೆ ಆರೇಳು ಮಂದಿ ತಾಯಂದಿರು ಸಾಯುತ್ತಿದ್ದರು. ಅಷ್ಟೊಂದು ಸಂಪತ್ತಿನ ದೇಶಕ್ಕೆ ಇದು ಮರ್ಯಾದೆಯಲ್ಲ.

ಇನ್ನು ಹೆರಿಗೆಯ ವಿದ್ಯೆಯನ್ನೇ ಕಲಿಯಬೇಕು. ಎಲ್ಲಿ? ಅರ್ಹತೆ ಪಡೆದ ದಾದಿಗೆ ಅದನ್ನು ತಕ್ಕಂತೆ ಕಲಿಸುವ ಶಾಲೆ ಆಗ ಅಮೆರಿಕದಲ್ಲಿರಲಿಲ್ಲ. ಇಂಗ್ಲೆಂಡಿನಲ್ಲಿ 1902ರಲ್ಲಿಯೇ ಕಾನೂನು ಮಾಡಿ ಸೂಲಗಿತ್ತಿಯರಿಗೆ ಶಿಕ್ಷಣ, ಪರೀಕ್ಷೆ, ದಾಖಲೆ ಇವನ್ನು ವಿಧಿಸಿದ್ದರು. ಮೇರಿ ಸಮುದ್ರ ದಾಟಿ ಲಂಡನ್ನಿನ ವುಲಿಚ್ ಎಂಬಲ್ಲಿದ್ದ ತಾಯಿಮಕ್ಕಳ ಆಸ್ಪತ್ರೆಯಲ್ಲಿ ವಿದ್ಯಾರ್ಥಿನಿಯಾಗಿ ಸೇರಿದಳು. ಬಡಕೂಲಿಗಳ ಓಣಿಗಳಲ್ಲಿ ಅಲೆದು ಹೆರಿಗೆ ಮಾಡಿಸಿ 1924ರಲ್ಲಿ ಪರೀಕ್ಷೆಯನ್ನು ಮುಗಿಸಿದಳು. ಅಲ್ಲಿಂದ ನೇರವಾಗಿ ಊರಿಗಲ್ಲ, ಸ್ಕಾಟ್ಲೆಂಡಿನ ಉತ್ತರದ ಬೆಟ್ಟಗಳಿಗೂ ದ್ವೀಪಗಳಿಗೂ ಹೋದಳು. ಚದುರಿದ ಬಡ ಜನರಿಗೆ 1913ರಿಂದ ಸರ್ಕಾರದ ಹಣದಲ್ಲಿ ವೈದ್ಯರನ್ನೂ ದಾದಿಯರನ್ನೂ ಒದಗಿಸುತ್ತಿದ್ದ ಏರ್ಪಾಡೊಂದು ಅಲ್ಲಿತ್ತು. ದಾದಿ ಎಲ್ಲಿ ಇರಬೇಕು, ಎಷ್ಟು ಮನೆಗಳನ್ನು ನೋಡಬಲ್ಲಳು, ಯಾವಾಗ ವೈದ್ಯನನ್ನು ಕರೆಸಬೇಕು, ಖರ್ಚೆಷ್ಟು ಎಂಬುದನ್ನೆಲ್ಲ ಕೇಳಿ ಬರೆದುಕೊಂಡಳು. ಆ ಏರ್ಪಾಡಿನ ಕರ್ತೃಗಳಲ್ಲೊಬ್ಬನಾದ ಸರ್ ಲೆಸ್ಲೀ ಮೆಕೆಂಜೀ ಆಕೆಗೆ ಹಿತೈಷಿಯಾದನು. ಬಳಿಕ ಪುನಃ ಲಂಡನ್ನಿಗೆ ಬಂದು ಇನ್ನೊಂದು ಹೆರಿಗೆ ಆಸ್ಪತ್ರೆಯಲ್ಲಿ, ತಾನೇ ಇತರರಿಗೆ ಕಲಿಸಲು ಬೇಕಾದ ಮೇಲಿನ ಪಾಠವನ್ನೂ ಮುಗಿಸಿದಳು. ಹೀಗೆ ಒಂದಾದ ಮೇಲೊಂದರಂತೆ ಎರಡು ಮೂರು ವರ್ಷ ಓದಿನಲ್ಲೇ ಕಳೆದುವು. ಮಗ ತೀರಿ ಏಳು ವರ್ಷಗಳಾಗಿದ್ದುವು.

1925ರ ಮೇ 28ರಂದು ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟಿನ ಒಂದು ಹೋಟೆಲಿನಲ್ಲಿ ಸಭೆ ಸೇರಿ ತಾಯಿಮಕ್ಕಳ ಕೆಂಟಕಿ ಸಮಿತಿ ಎಂಬ ಸಂಘವನ್ನು ಸ್ಥಾಪಿಸಿದರು. 1928ರಲ್ಲಿ ಇದಕ್ಕೇ ಗಡಿನಾಡಿನ ದಾದಿಸೇವೆ ಎಂಬರ್ಥದ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂಬ ಹೆಸರು ಬಂದಿತು. ಮೇರಿ ಆರಿಸಿಕೊಂಡುದು ಲೆಸ್ಲೀ ಕೌಂಟಿಯನ್ನು. ಅಲ್ಲಿ ಸುಮಾರು 10,000 ಜನರಿದ್ದರು. ಪರವಾನಗಿ ಪಡೆದ ವೈದ್ಯ ಒಬ್ಬನೂ ಇರಲಿಲ್ಲ. ಸುಲಭದ ಸ್ಥಳದಲ್ಲಿ ಗೆದ್ದು ತೋರಿಸಿದರೆ ಯಾರೂ ನಂಬುವುದಿಲ್ಲ, ಎಲ್ಲಕ್ಕಿಂತ ಕಷ್ಟದ ಸ್ಥಳದಲ್ಲಿಯೇ ಮಾಡಿ ತೋರಿಸಬೇಕು ಎಂಬುದು ಆಕೆಯ ಲೆಕ್ಕ. ಆರಂಭದ ವರ್ಷಗಳಲ್ಲಿ ತನ್ನ ಸ್ವಂತ ಹಣವನ್ನು ಸುರಿದಳು. ಹೈಡನ್ ಎಂಬ ಸಣ್ಣ ಊರಿನಲ್ಲಿ ಮೊದಲ ಚಿಕಿತ್ಸಾಲಯ ತೆರೆಯಿತು. ಅಲ್ಲಿಂದ ನಾಲ್ಕಾರು ಮೈಲಿಯಾಚೆ, ಕೆಂಟಕಿ ನದಿಯ ಮಧ್ಯದ ಕವಲಿನ ಮೇಲ್ಭಾಗದಲ್ಲಿ ಮರದ ದಿಮ್ಮಿಗಳಿಂದ ಒಂದು ಮನೆ ಕಟ್ಟಿಸಿ ಅದಕ್ಕೆ ವೆಂಡೋವರ್ ಎಂದು ಹೆಸರಿಟ್ಟಳು. ಅದೇ ಆಕೆಯ ಮನೆ, ಅದೇ ಕಚೇರಿ, ಅದೇ ಅತಿಥಿಗೃಹ.

ದಾದಿಯರು ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಐದಾರು ಮೈಲಿ ಸುತ್ತಳತೆಗೆ ಒಂದರಂತೆ ಉಪಕೇಂದ್ರಗಳನ್ನು ಕಟ್ಟಿದರು. ಎಲ್ಲ ಸೇರಿ ಸುಮಾರು 700 ಚದರ ಮೈಲಿ. ಕೇಂದ್ರದಲ್ಲಿ ಇಬ್ಬರು ದಾದಿಯರು, ಅವರ ಕುದುರೆಗಳು, ಹಾಲಿಗೊಂದು ಹಸು. ಕುದುರೆಯ ಬೆನ್ನಿಗೆ ಎರಡು ಬಗೆಯ ಚೀಲಗಳು: ಸಾಮಾನ್ಯ ಕಾಯಿಲೆಗಳಿಗೆ ಒಂದು, ಹೆರಿಗೆಗೆ ಇನ್ನೊಂದು. ನಡುರಾತ್ರಿ ಬಾಗಿಲು ತಟ್ಟುವ ಗಂಡನ ಹಿಂದೆ ದಾದಿ ಲಾಂದ್ರ ಹಿಡಿದು ಹೊರಡಬೇಕು. ಹೆರಿಗೆಗೆ ಮಾತ್ರ ಹೋಗಿ ಬಂದರೆ ಮುಗಿಯಲಿಲ್ಲ. ಬಸುರಿನ ಮೊದಲ ತಿಂಗಳುಗಳಿಂದಲೇ ಹೆಸರು ಬರೆಸಿಕೊಂಡು ಮತ್ತೆ ಮತ್ತೆ ನೋಡುವುದು, ಹೆತ್ತ ಮೇಲೆ ದಿನವೂ ಹೋಗುವುದು, ಮಗು ಶಾಲೆಗೆ ಹೋಗುವವರೆಗೆ ಅದರ ತೂಕ, ಊಟ, ಚುಚ್ಚುಮದ್ದು ನೋಡಿಕೊಳ್ಳುವುದು. ವಿಷಮಶೀತಜ್ವರ, ಗಂಟಲಮಾರಿ, ಸಿಡುಬು ಇವುಗಳ ವಿರುದ್ಧ ಬೆಟ್ಟದ ಮಕ್ಕಳಿಗೆಲ್ಲ ಮದ್ದು ಚುಚ್ಚಿದವರು ಈ ದಾದಿಯರೇ. ಕೊಕ್ಕೆಹುಳುವಿನ ಕಾಟಕ್ಕೆ ಔಷಧವನ್ನೂ ಬಾವಿ ಕಕ್ಕಸುಗಳ ವಿಷಯದಲ್ಲಿ ಬುದ್ಧಿವಾದವನ್ನೂ ಕೊಟ್ಟವರು ಇವರೇ.

ಆದರೆ ದಾದಿ ಔಷಧ ಕೊಡಬಹುದೇ? ರೋಗ ಇಂಥದೆಂದು ಹೇಳಬಹುದೇ? ಕಾನೂನಿನ ಕಣ್ಣಿನಲ್ಲಿ ಇದು ವೈದ್ಯನ ಅಧಿಕಾರ. ಇದಕ್ಕೆ ಮೇರಿ ಹುಡುಕಿದ ಉಪಾಯ ಜಾಣತನದ್ದು. ಲೆಕ್ಸಿಂಗ್‌ಟನ್ ನಗರದ ಹೆಸರುವಾಸಿ ವೈದ್ಯರ ಒಂದು ಸಲಹಾಸಮಿತಿಯನ್ನು ಮಾಡಿ, ಯಾವ ಲಕ್ಷಣಕ್ಕೆ ದಾದಿ ಏನು ಮಾಡತಕ್ಕದ್ದು, ಯಾವ ಔಷಧವನ್ನು ಎಷ್ಟು ಕೊಡತಕ್ಕದ್ದು, ಯಾವ ಹಂತದಲ್ಲಿ ಏನನ್ನೂ ಮುಟ್ಟದೆ ವೈದ್ಯನಿಗೆ ಹೇಳಿಕಳುಹಿಸತಕ್ಕದ್ದು ಎಂಬುದನ್ನು ಅವರಿಂದಲೇ ಬರೆಯಿಸಿಕೊಂಡಳು. ಈ ಸ್ಥಾಯೀ ಆಜ್ಞೆಗಳ ಪ್ರತಿ ಪ್ರತಿಯೊಬ್ಬ ದಾದಿಯ ಕುದುರೆಚೀಲದಲ್ಲಿಯೂ ಇರುತ್ತಿದ್ದಿತು. ವೈದ್ಯ ಮೂವತ್ತು ಮೈಲಿ ದೂರದಲ್ಲಿದ್ದರೂ ಆತನ ಒಪ್ಪಿಗೆ ದಾದಿಯ ಕೈಯಲ್ಲಿ ಇದ್ದಂತಾಯಿತು. ಆ ಕಾಗದಕ್ಕೆ ಅರ್ಥ ಬರುವುದು ಅದನ್ನು ಹಿಡಿದವಳ ತಲೆಯಲ್ಲಿ ವಿದ್ಯೆಯಿದ್ದಾಗ ಮಾತ್ರ. ಲಕ್ಷಣವನ್ನು ಗುರುತಿಸಲಾರದವಳಿಗೆ ಆಜ್ಞಾಪತ್ರದಿಂದ ಏನು ಪ್ರಯೋಜನ? ಆದುದರಿಂದಲೇ ಆಕೆ ದಾದಿಯ ಶಿಕ್ಷಣವನ್ನೂ ಹೆರಿಗೆಯ ಶಿಕ್ಷಣವನ್ನೂ ಪೂರ್ಣವಾಗಿ ಪಡೆದವರನ್ನಲ್ಲದೆ ಬೇರೆಯವರನ್ನು ಈ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ಅಂಥವರು ಅಮೆರಿಕದಲ್ಲಿ ಸಿಗದ ಕಾರಣ ಇಂಗ್ಲೆಂಡ್ ಸ್ಕಾಟ್ಲೆಂಡುಗಳಿಂದ ಕರೆಸಿಕೊಂಡಳು. ಅಮೆರಿಕದ ದಾದಿಯರನ್ನು ಅಲ್ಲಿಗೆ ಕಳುಹಿಸಿ ಓದಿಸಿದಳು.

ಶುಲ್ಕದ ವಿಷಯ. ಬಸುರಿನಿಂದ ಬಾಣಂತನದವರೆಗಿನ ಎಲ್ಲ ಸೇವೆಗೂ ಸೇರಿ ಐದು ಡಾಲರು. ಸಂಸಾರವೊಂದರ ಉಳಿದ ಶುಶ್ರೂಷೆಗೆ ವರ್ಷಕ್ಕೆ ಒಂದು ಡಾಲರು. ಕೈಯಲ್ಲಿ ಕಾಸಿಲ್ಲದವರು ಕುದುರೆಗೆ ಹುಲ್ಲು, ಜೋಳ, ಕೋಳಿ, ಕೌದಿ ಹೀಗೆ ಏನನ್ನಾದರೂ ಕೊಡಬಹುದು, ಅಥವಾ ಬೇಲಿ ಕಟ್ಟಿ ತೀರಿಸಬಹುದು. ಧರ್ಮಕ್ಕೆ ಬಿದ್ದೆವೆಂಬ ಹೀನಭಾವನೆ ಬೆಟ್ಟದ ಜನಕ್ಕೆ ಬರಬಾರದೆಂದು ಈ ವ್ಯವಸ್ಥೆ. ಇದರಿಂದ ಖರ್ಚು ಹುಟ್ಟುತ್ತಿರಲಿಲ್ಲವೆಂಬುದು ಸ್ಪಷ್ಟವೇ ಇದೆ. ಉಳಿದ ಹಣಕ್ಕಾಗಿ ಮೇರಿ ವರ್ಷವರ್ಷವೂ ನ್ಯೂಯಾರ್ಕ್, ಬಾಸ್ಟನ್ ಮುಂತಾದ ನಗರಗಳ ಶ್ರೀಮಂತರ ದಿವಾನಖಾನೆಗಳಲ್ಲಿ ಭಾಷಣ ಮಾಡಿ ವಂತಿಗೆ ಎತ್ತುತ್ತಿದ್ದಳು. ಮನೆತನದ ಹೆಸರು ಈ ಕೆಲಸಕ್ಕೆ ಚೆನ್ನಾಗಿ ಒದಗಿತು. ಆ ಶ್ರೀಮಂತರ ಹೆಣ್ಣುಮಕ್ಕಳೇ ಬೆಟ್ಟಕ್ಕೆ ಬಂದು ಸಂಬಳವಿಲ್ಲದೆ ಕುದುರೆಗಳ ಮೈ ತಿಕ್ಕುತ್ತ, ಓಲೆಗಳನ್ನು ಒಯ್ಯುತ್ತ ಇದ್ದರೆಂದರೆ ಆಕೆಯ ಮಾತಿನ ಬಲವನ್ನು ಊಹಿಸಬಹುದು.

ನಮ್ಮ ಗುಮಾಸ್ತ ಓದುಗರು ಮೆಚ್ಚುವ ಒಂದು ಗುಣ ಆಕೆಯಲ್ಲಿದ್ದಿತು: ಲೆಕ್ಕವಿಡುವುದು. ಪ್ರತಿಯೊಂದು ಹೆರಿಗೆ, ಪ್ರತಿಯೊಂದು ಭೇಟಿ, ಪ್ರತಿಯೊಂದು ಸಾವು ದಾಖಲೆಯಾಗಲೇಬೇಕು. ರಾತ್ರಿಯೆಲ್ಲ ಕುದುರೆಯ ಮೇಲಿದ್ದು ಬಂದ ದಾದಿಯೂ ಕಾಗದ ಬರೆಯದೆ ಮಲಗುವಂತಿರಲಿಲ್ಲ. ಕಡೆಗೆ ಈ ಕಾಗದಗಳೇ ಸಾಕ್ಷಿ ನುಡಿದುವು. ಮೊದಲ 1000 ಹೆರಿಗೆಗಳ ದಾಖಲೆಯನ್ನು ಮೆಟ್ರೊಪಾಲಿಟನ್ ಜೀವವಿಮಾ ಕಂಪೆನಿಯ ಅಂಕಿಅಂಶತಜ್ಞ ಲೂಯಿ ಡಬ್ಲಿನ್ ಪರಿಶೀಲಿಸಿ 1932ರಲ್ಲಿ ವರದಿ ಕೊಟ್ಟನು. ಹೆರಿಗೆಯ ಕಾರಣದಿಂದ ಒಬ್ಬ ತಾಯಿಯೂ ಸತ್ತಿರಲಿಲ್ಲ. ಇಬ್ಬರು ತೀರಿಕೊಂಡುದು ಮೂತ್ರಪಿಂಡದ ಹಾಗೂ ಹೃದಯದ ಬೇನೆಗಳಿಂದ. ಇಂಥ ಸೇವೆ ದೇಶದ ಎಲ್ಲ ಹೆಂಗಸರಿಗೂ ದೊರೆತರೆ ವರ್ಷಕ್ಕೆ 10,000 ತಾಯಂದಿರ ಪ್ರಾಣ ಉಳಿದೀತೆಂದು ಆತ ಲೆಕ್ಕ ಹಾಕಿದನು. ವಿಮಾ ಕಂಪೆನಿಯವರು ಸಾವಿನ ಲೆಕ್ಕದಲ್ಲಿ ಉದಾರಿಗಳಲ್ಲ. ಆದುದರಿಂದ ಈ ಮಾತಿಗೆ ಹೆಚ್ಚಿನ ತೂಕ. ಹೆರಿಗೆಗಳ ಸಂಖ್ಯೆ 10,000 ಮುಟ್ಟಿದಾಗಲೂ ಆ ಬಡ ಬೆಟ್ಟಗಳಲ್ಲಿ ತಾಯಂದಿರ ಸಾವು ಸಾವಿರಕ್ಕೆ ಒಂದನ್ನು ಮೀರಿರಲಿಲ್ಲ. ಅದೇ ಕಾಲಾವಧಿಯಲ್ಲಿ ಇಡೀ ದೇಶದ ಸರಾಸರಿ ಸಾವಿರಕ್ಕೆ ಮೂರಕ್ಕಿಂತ ಹೆಚ್ಚಾಗಿದ್ದಿತು.

1928ರ ಜೂನ್ 26ರಂದು ಹೈಡನ್ನಿನಲ್ಲಿ ಕಲ್ಲಿನ ಆಸ್ಪತ್ರೆ ಆರಂಭವಾಯಿತು. ಉದ್ಘಾಟನೆಗೆ ಸರ್ ಲೆಸ್ಲೀ ಮೆಕೆಂಜೀ ಸ್ಕಾಟ್ಲೆಂಡಿನಿಂದ ಹಡಗು, ರೈಲು, ಕೊನೆಗೆ ಕುದುರೆ ಹಿಡಿದು ಬಂದನು. 1931ರಲ್ಲಿ ಮೇರಿ ಕುದುರೆಯಿಂದ ಬಿದ್ದು ಬೆನ್ನೆಲುಬು ಮುರಿಯಿತು. ಆಮೇಲೆ ಉಕ್ಕಿನ ಪಟ್ಟಿ ಕಟ್ಟಿಕೊಂಡೇ ತಿರುಗಾಡಬೇಕಾಯಿತು, ತಿರುಗಾಟವನ್ನು ನಿಲ್ಲಿಸಲಿಲ್ಲ. ಅದೇ ವೇಳೆಗೆ ಅಮೆರಿಕದ ಆರ್ಥಿಕ ಕುಸಿತದಿಂದ ವಂತಿಗೆಗಳು ಬತ್ತಿಹೋಗಿ ದಾದಿಯರ ಸಂಬಳ ಇಳಿಯಿತು. ಆದರೂ ಬಹುಮಂದಿ ಬಿಟ್ಟುಹೋಗಲಿಲ್ಲ.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಮಾತ್ರ ನಿಜವಾದ ಸಂಕಟ ಬಂದಿತು. ಇಂಗ್ಲಿಷ್ ದಾದಿಯರು ಒಬ್ಬೊಬ್ಬರಾಗಿ ತಾಯ್ನಾಡಿಗೆ ಹೊರಟುನಿಂತರು. ಇನ್ನು ಅಮೆರಿಕದವರನ್ನು ಓದಲು ಇಂಗ್ಲೆಂಡಿಗೆ ಕಳುಹಿಸುವಂತೆಯೂ ಇಲ್ಲ. ಹೊರಗಿನಿಂದ ತರುವ ದಾರಿ ಮುಚ್ಚಿದಾಗ ಆಕೆ ಮನೆಯಲ್ಲಿಯೇ ಬಾವಿ ತೋಡಿದಳು. ಅದೇ ವರ್ಷ ನವೆಂಬರ್ 1ರಂದು ಹೈಡನ್ನಿನಲ್ಲಿ ಫ್ರಾಂಟಿಯರ್ ಗ್ರ್ಯಾಜುಯೇಟ್ ಸ್ಕೂಲ್ ಆಫ್ ಮಿಡ್‌ವೈಫರಿ ಎಂಬ ಶಾಲೆ ಇಬ್ಬರೇ ವಿದ್ಯಾರ್ಥಿನಿಯರಿಂದ ತೆರೆಯಿತು. ಈ ಬಗೆಯ ಶಾಲೆ ನ್ಯೂಯಾರ್ಕಿನಲ್ಲಿ ಕೆಲವು ವರ್ಷಗಳ ಹಿಂದೆಯೇ ಒಂದು ಹುಟ್ಟಿದ್ದಿತು. ಹಳ್ಳಿಗಾಡಿನ ಮಧ್ಯದಲ್ಲಿದ್ದುದು ಇದು. ಹೆಸರಿನಲ್ಲಿ ಗ್ರ್ಯಾಜುಯೇಟ್ ಎಂಬ ಮಾತಿದ್ದರೂ ಆಗ ವಿಶ್ವವಿದ್ಯಾನಿಲಯದ ಪದವಿ ದೊರೆಯುತ್ತಿರಲಿಲ್ಲ. ದಾದಿಶಿಕ್ಷಣವನ್ನು ಮುಗಿಸಿ ಅರ್ಹತೆ ಪಡೆದವರಿಗೆ ಮಾತ್ರ ಪ್ರವೇಶವೆಂಬುದೇ ಅದರ ಅರ್ಥ. ಪಾಠ ಹೇಳುವವರು ಕುದುರೆಯೇರಿ ಹೋಗುವ ದಾದಿಯರೇ. ಪ್ರಯೋಗಶಾಲೆಯೆಂದರೆ ಬೆಟ್ಟದ ಮನೆಗಳೇ.

ಇಷ್ಟು ಹೇಳಿ ನಿಲ್ಲಿಸಿದರೆ ಚರಿತ್ರೆಯಾಗದೆ ಸ್ತೋತ್ರವಾದೀತು. ಆಕೆಯ ಕಣ್ಣಿಗೂ ಪೊರೆಯಿದ್ದಿತು. ಬೆಟ್ಟದ ಬಿಳಿಯರು ಶುದ್ಧ ಇಂಗ್ಲಿಷ್ ರಕ್ತದವರು, ಆದುದರಿಂದ ಉಳಿಸತಕ್ಕವರು ಎಂಬ ಧಾಟಿಯಲ್ಲಿ ದಾನಿಗಳ ಮನವೊಲಿಸುತ್ತಿದ್ದಳು. ಕಪ್ಪುಜನಾಂಗದ ದಾದಿಯರನ್ನು ತನ್ನ ಸೇವೆಗೆ ಸೇರಿಸಿಕೊಳ್ಳಲಿಲ್ಲ. ದಕ್ಷಿಣದ ದೊಡ್ಡ ಮನೆತನದಲ್ಲಿ ಹುಟ್ಟಿದವಳ ಅಭಿಮಾನ ಇಲ್ಲಿ ಆಕೆಯ ದಯೆಯನ್ನು ಗೆದ್ದಿತೆನ್ನಬೇಕು. ಇತ್ತೀಚೆಗೆ ಚರಿತ್ರಕಾರರು ಇದನ್ನು ಬಿಚ್ಚಿ ಬರೆದಿದ್ದಾರೆ. ಆಕೆಯ ಸಂಸ್ಥೆಯವರೂ ಒಪ್ಪಿಕೊಂಡಿದ್ದಾರೆ. ತಲೆಮಾರುಗಳಿಂದ ಬೆಟ್ಟದ ಹೆಂಗಸರ ಬಳಿ ಕುಳಿತ ಮುದಿ ಸೂಲಗಿತ್ತಿಯರಿಗೂ ಆಕೆಯ ಯೋಜನೆಯಲ್ಲಿ ಎಡೆಯಿರಲಿಲ್ಲ. ಅವರು ಮೂಲೆಗೆ ಸರಿದರು. ಇನ್ನೊಂದು ಮಾತು: ತನ್ನ ಬೆಟ್ಟದ ಮಾದರಿಯನ್ನು ನೋಡಿ ದೇಶವೆಲ್ಲ ಅನುಸರಿಸುವುದೆಂದು ಆಕೆ ನಂಬಿದ್ದಳು. ಹಾಗಾಗಲಿಲ್ಲ. ಅಮೆರಿಕದ ತಾಯಂದಿರು ಆಸ್ಪತ್ರೆಗಳತ್ತ, ಡಾಕ್ಟರುಗಳತ್ತ ಹರಿದರು. ಆಕೆಯ ಜೀವಿತಕಾಲದಲ್ಲಿ ದಾದಿ-ಸೂಲಗಿತ್ತಿಯರ ಸಂಖ್ಯೆ ಕೆಲವು ನೂರುಗಳಲ್ಲಿಯೇ ಉಳಿಯಿತು.

1952ರಲ್ಲಿ ಮೇರಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದಳು. 1965ರ ಮೇ 16ರಂದು, 84ನೆಯ ವಯಸ್ಸಿನಲ್ಲಿ, ವೆಂಡೋವರಿನ ಆ ಮನೆಯಲ್ಲಿಯೇ ಕಣ್ಣುಮುಚ್ಚಿದಳು. ಲೆಕ್ಸಿಂಗ್‌ಟನ್ನಿನಲ್ಲಿ ಆಕೆಯ ಸಮಾಧಿ ಇದೆ.

ಅದೇ 1965ರಲ್ಲಿ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಲೊರೆಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ವೈದ್ಯನೂ ಕೂಡಿ, ಮಕ್ಕಳ ಕಾಯಿಲೆಗಳನ್ನು ತಾವೇ ನೋಡಬಲ್ಲ ದಾದಿಯರನ್ನು ತಯಾರಿಸುವ ಪಾಠಕ್ರಮವನ್ನು ಆರಂಭಿಸಿದರು. ನರ್ಸ್ ಪ್ರಾಕ್ಟೀಷನರ್ ಎಂಬ ಹೆಸರು ರೂಢಿಗೆ ಬಂದುದು ಅಲ್ಲಿಂದ. ಐದು ವರ್ಷಗಳ ಬಳಿಕ, 1970ರಲ್ಲಿ, ಹೈಡನ್ನಿನ ಶಾಲೆ ಇಡೀ ಸಂಸಾರದ ಆರೋಗ್ಯವನ್ನು ನೋಡಿಕೊಳ್ಳುವ ದಾದಿಗೆ ಪಾಠ ತೆರೆಯಿತು. ಮೇರಿಯ ದಾದಿಯರು ಕುದುರೆಯ ಮೇಲೆ 1925ರಿಂದಲೂ ಮಾಡುತ್ತಿದ್ದುದಕ್ಕೆ ಈಗ ಒಂದು ಹೆಸರೂ ಪ್ರಮಾಣಪತ್ರವೂ ಬಂದಂತಾಯಿತು. 1989ರಲ್ಲಿ ಆ ಶಾಲೆಯವರು ದೂರಶಿಕ್ಷಣವನ್ನು ಹಿಡಿದರು. ಕೆಲಸ ಬಿಟ್ಟು, ಮನೆ ಬಿಟ್ಟು ಬರಲಾರದ ದಾದಿ ತನ್ನ ಊರಿನಲ್ಲಿಯೇ ಇದ್ದು ಓದಬಹುದು, ನಡುನಡುವೆ ಕೆಲವು ದಿನ ಕೆಂಟಕಿಗೆ ಬಂದು ಹೋದರೆ ಸಾಕು. ಮುಂದೆ ಸ್ನಾತಕೋತ್ತರ ಪದವಿಯನ್ನು ಕೊಡುವ ಅಧಿಕಾರವೂ ದೊರೆತು, 2011ರಲ್ಲಿ ಅದಕ್ಕೆ ಫ್ರಾಂಟಿಯರ್ ನರ್ಸಿಂಗ್ ಯೂನಿವರ್ಸಿಟಿ ಎಂದು ಹೆಸರಾಯಿತು.

ನಮ್ಮ ದೇಶದಲ್ಲಿ ದಾದಿಯರಿಗೆ ಪದವಿ ತರಗತಿಗಳು ಆರಂಭವಾದುದು 1946ರಲ್ಲಿ, ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ. 2018ರಲ್ಲಿ ಭಾರತ ಸರ್ಕಾರ ಹೆರಿಗೆಸೇವೆಯ ಬಗ್ಗೆ ಹೊರಡಿಸಿದ ಮಾರ್ಗಸೂಚಿ, ಅರ್ಹತೆ ಪಡೆದ ದಾದಿಯರಿಗೆ 18 ತಿಂಗಳ ಮೇಲಿನ ಶಿಕ್ಷಣ ಕೊಟ್ಟು ಸಹಜ ಹೆರಿಗೆಗಳನ್ನು ಅವರ ಹೊಣೆಗೆ ಒಪ್ಪಿಸಬೇಕೆಂದು ವಿಧಿಸಿತು. ಮನೆಯಲ್ಲಿ ದಾದಿಶಿಕ್ಷಣ ಮುಗಿಸಿದ ಮಗಳೋ ತಂಗಿಯೋ ಇರುವವರು ಈ ಸಂಗತಿಯನ್ನು ವಿಚಾರಿಸಿ ನೋಡಬಹುದು.

ಹೈಡನ್ನಿನ ವಿದ್ಯಾಸಂಸ್ಥೆ ಈಗ ಬೆಟ್ಟವಿಳಿದು ಕೆಂಟಕಿಯದೇ ವರ್ಸೇಲ್ಸ್ ಎಂಬ ಊರಿಗೆ ಬಂದಿದೆ. ಫ್ರಾನ್ಸಿನ ವರ್ಸಾಯಿಯದೇ ಹೆಸರು. ಅಲ್ಲಿನ ಜನ ಉಚ್ಚರಿಸುವುದು ಹೀಗೆ. 1998ರಲ್ಲಿ ಅಮೆರಿಕದ ಅಂಚೆ ಇಲಾಖೆ ಮೇರಿಯ ಚಿತ್ರವಿರುವ 77 ಸೆಂಟಿನ ಅಂಚೆಚೀಟಿಯನ್ನು ಹೊರಡಿಸಿತು.